ಕಾಳಮ್ಮ ಹೇಳದೇ ಇಟ್ಟುಕೊಂಡದ್ದು

ಭದ್ರಾ ಕಾಲುವೆಯ ಬದಿಯ ಊರುಗಳಲ್ಲಿ ನಾಟಿಗೆ ಹೆಂಗಸರ ಗುಂಪು ಬೇಕೆಂದರೆ ಎಲ್ಲರೂ ಕಾಳಮ್ಮನನ್ನೇ ಕೇಳುತ್ತಿದ್ದರು. ವಯಸ್ಸು ಅರವತ್ತಮೂರು. ಕೆಸರಿಗೆ ಇಳಿದರೆ ಊಟದ ಹೊತ್ತಿನವರೆಗೂ ಸೊಂಟ ಎತ್ತುತ್ತಿರಲಿಲ್ಲ. ಮೂರನೆಯ ಹೆರಿಗೆಯಾಗಿ ಹನ್ನೊಂದನೇ ದಿನಕ್ಕೇ ಗದ್ದೆಗೆ ಹೋದವಳು. ಗರ್ಭಕೋಶ ಜಾರಿ ಹೊರಬರುತ್ತಿದೆ ಎಂಬುದನ್ನು ಹದಿನೆಂಟು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಹಳೆ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು.

ಕಳೆದ ಆಗಸ್ಟ್‌ನ ಒಂದು ದಿನ ಬೆಳಿಗ್ಗೆ ಅವಳಿಗೆ ಮೂತ್ರ ಬರಲಿಲ್ಲ. ಮಧ್ಯಾಹ್ನವಾದರೂ ಬರಲಿಲ್ಲ. ಕಿಬ್ಬೊಟ್ಟೆ ಕಲ್ಲಿನಂತಾಯಿತು. ಬಚ್ಚಲ ಗೋಡೆ ಹಿಡಿದು ನಡುಗುತ್ತಿದ್ದ ಅತ್ತೆಯನ್ನು ಸೊಸೆ ಪುಷ್ಪಾ ಕಂಡಾಗ ಮೂರು ಗಂಟೆ.

“ಏನಾಯ್ತು ಅತ್ತೆ?”

“ಏನಿಲ್ಲ, ಉಷ್ಣ ಆಗಿದೆ. ಯೋಗೇಶಂಗೆ ಹೇಳ್ಬೇಡ.”

ಪುಷ್ಪಾ ಸೀರೆ ಸರಿಸಿ ನೋಡಿದಳು. ಗರ್ಭಕೋಶ ಪೂರ್ತಿ ಹೊರಬಂದಿತ್ತು. ಗಂಡ ಯೋಗೇಶ ಕೆಲಸಕ್ಕೆ ಹೋಗಿದ್ದ. ಪಕ್ಕದ ಮನೆಯ ಪೀರ್ ಬಾಷಾ ಅವರ ಆಟೋ ಕರೆದಳು.

ಭದ್ರಾವತಿಯಲ್ಲಿ ಸಿಕ್ಕಿದ ಮೊದಲ ಕ್ಲಿನಿಕ್‌ನಲ್ಲಿ ಇದ್ದದ್ದು ಗಂಡಸು ಡಾಕ್ಟರು. ಕಾಳಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತುಬಿಟ್ಟಳು.

“ಸತ್ರೂ ಸರಿ ಮಾರಾಯ್ತಿ, ಒಳಗೆ ಬರಲ್ಲ.”

ಪುಷ್ಪಾ ಬೇಡಿದಳು, ಬೈದಳು. ಕೊನೆಗೆ ಡಾಕ್ಟರೇ ಹೊರಗೆ ಬಂದರು. “ಶಿವಮೊಗ್ಗದಲ್ಲಿ ಲೇಡಿ ಡಾಕ್ಟರ್ ಇದಾರೆ, ಫೋನ್ ಮಾಡ್ತೀನಿ. ಎಲ್ಲೂ ನಿಲ್ಬೇಡಿ. ತಡ ಆದ್ರೆ ಕಿಡ್ನಿಗೆ ಪೆಟ್ಟು ಬೀಳುತ್ತೆ.”

ಪ್ರತಿ ಹಂಪ್‌ಗೂ ಕಾಳಮ್ಮ ಸೆರಗನ್ನು ಕಚ್ಚಿ ಹಿಡಿಯುತ್ತಿದ್ದಳು. ಪೀರ್ ಬಾಷಾ ಹಿಂತಿರುಗಿ ನೋಡದೆ, ಏನೂ ಕೇಳದೆ ಆಟೋ ಓಡಿಸಿದರು. ಬೆವರಿ ತಣ್ಣಗಾದ ಅತ್ತೆಯ ಕೈ ಹಿಡಿದ ಪುಷ್ಪಾಳಿಗೆ ಸಿಟ್ಟೂ ಭಯವೂ ಒಟ್ಟಿಗೇ ಬಂದವು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳಿದ್ರೆ ಮನೇಲಿ ಕೂರ್ಸೋರು. ಗದ್ದೆಗೆ ಯಾರು ಹೋಗೋರು?”

ಶಿವಮೊಗ್ಗದ ವಿದ್ಯಾನಗರದ ನರ್ಸಿಂಗ್ ಹೋಮ್‌ನಲ್ಲಿ ಡಾಕ್ಟರ್ ವಾಣಿ ನಳಿಕೆ ಹಾಕಿದಾಗ ಒಂದೂವರೆ ಲೀಟರ್ ಮೂತ್ರ ಹೊರಬಂತು. ನೋವಿಗೆ ಅಳದಿದ್ದ ಕಾಳಮ್ಮ ಆಗ ಅತ್ತಳು. ಆದರೆ ವಾಣಿಯವರ ಮುಖ ಸಡಿಲವಾಗಲಿಲ್ಲ. ಜಾರಿದ ಭಾಗದಲ್ಲಿ ಹಳೆಯ ಹುಣ್ಣೊಂದು ಗಟ್ಟಿಯಾಗಿತ್ತು.

“ಇದನ್ನ ಟೆಸ್ಟಿಗೆ ಕಳಿಸ್ಬೇಕಮ್ಮ. ಕ್ಯಾನ್ಸರ್ ಅಲ್ಲ ಅಂತ ಗೊತ್ತಾದ್ಮೇಲೆ ಆಪರೇಷನ್.”

ರಿಪೋರ್ಟ್ ಬರಲು ಎಂಟು ದಿನ. ವಿಷಯ ತಿಳಿದ ಯೋಗೇಶ ಅಮ್ಮನ ಮುಖ ನೋಡಲಾಗದೆ ಹಿತ್ತಿಲಲ್ಲಿ ಸುಮ್ಮನೆ ಸೌದೆ ಒಡೆಯುತ್ತಿದ್ದ. ಕಾಳಮ್ಮ ಅನ್ನ ಕಲಸಿ ಹಾಗೇ ಬಿಡುತ್ತಿದ್ದಳು. ಫೋನ್ ರಿಂಗಾದರೆ ಮೂವರೂ ಬೆಚ್ಚುತ್ತಿದ್ದರು. ಒಂಬತ್ತನೇ ದಿನ ವಾಣಿಯವರೇ ಕರೆ ಮಾಡಿದರು. “ಕ್ಯಾನ್ಸರ್ ಇಲ್ಲ.” ಪುಷ್ಪಾ ಫೋನ್ ಹಿಡಿದುಕೊಂಡೇ ಹಿತ್ತಿಲಿಗೆ ಓಡಿ ಗಂಡನಿಗೆ ಹೇಳಿದಳು.

ಹುಣ್ಣು ಮಾಗಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಆಪರೇಷನ್ ಆಯಿತು. ಭಾರ ಎತ್ತುವಂತಿಲ್ಲ, ಬಗ್ಗಿ ನಾಟಿ ಮಾಡುವಂತಿಲ್ಲ. ಬೇಸಿಗೆ ಬೆಳೆಯ ನಾಟಿಗೆ ಗುಂಪು ಹೊರಟ ದಿನ ಕಾಳಮ್ಮ ಅವರ ಜೊತೆ ಬದುವಿನವರೆಗೆ ನಡೆದುಹೋಗಿ, ತನಗೆ ಆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಹೆಂಗಸರು ಕೇಳಿಸಿಕೊಂಡು ಕೆಸರಿಗೆ ಇಳಿದರು. ಸಂಜೆ ಗುಂಪಿನ ಇಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ, ಪುಷ್ಪಾಳ ಬಳಿ ಬಂದು ಶಿವಮೊಗ್ಗದ ಡಾಕ್ಟರ ನಂಬರ್ ಬರೆಸಿಕೊಂಡು ಹೋದರು.