ಎಳೆಯ ನಾಲಗೆಗಳ ಅಳತೆಗಾರ್ತಿ

ಚಳಿಗಾಲ, ಗಂಟೆ ಎಂಟಾದರೂ ಡೆನ್ ಹೆಲ್ಡರ್ ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಶಿಶುವಿಹಾರದ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಟ್ರೈನ್‌ಚೆ ಕೊಸ್ಟರ್ ಒದ್ದೆ ಕೋಟು ಕಳಚಿ, ಮೊಣಕಾಲೆತ್ತರದ ಮೇಜಿನ ಮೇಲೆ ಚಿತ್ರಗಳನ್ನು ಜೋಡಿಸುತ್ತಿದ್ದಾರೆ. ಬೆಕ್ಕು, ಚಮಚ, ಸೈಕಲ್ಲು. ಪಕ್ಕದಲ್ಲಿ ದನಿ ಹಿಡಿದಿಡುವ ಪುಟ್ಟ ಯಂತ್ರ. ಎದುರಿನ ಗಿಡ್ಡ ಕುರ್ಚಿಯಲ್ಲಿ ಕಾಗದದ ಕಿರೀಟ ತೊಟ್ಟ ಫ್ರೌಕೆ. ನಾಳೆ ಅವಳಿಗೆ ನಾಲ್ಕು ತುಂಬುತ್ತದೆ, ಇಲ್ಲಿ ಇದೇ ಕೊನೆಯ ದಿನ.

ಪುಟ್ಟ ಮಕ್ಕಳ ಬಾಯಲ್ಲಿ ಯಾವ ಧ್ವನಿ ಮೂಡಿದೆ, ಯಾವುದು ಮೂಡಿಲ್ಲ ಎಂದು ಅಳೆಯುವುದು ಟ್ರೈನ್‌ಚೆಯವರ ಕೆಲಸ. ಪ, ಮ ಬೇಗ ಬರುತ್ತವೆ. ಕ ತುಸು ತಡ. ರ ಬಹಳ ಸತಾಯಿಸುತ್ತದೆ. ಮಗು ಸರಿ ಹೇಳಲಿ, ತಪ್ಪು ಹೇಳಲಿ, ಇವರು ಒಂದೇ ದನಿಯಲ್ಲಿ ‘ಹ್ಞೂಂ’ ಎನ್ನಬೇಕು. ತಿದ್ದುವಂತಿಲ್ಲ, ಹೇಳಿಕೊಡುವಂತಿಲ್ಲ, ಅಳತೆ ಕೆಡುತ್ತದೆ. ದಿನಕ್ಕೆ ಆರು ಮಕ್ಕಳು, ನಡುವೆ ಒಂದು ಚೀಸ್ ಬ್ರೆಡ್ಡು, ಸಂಜೆ ಎದುರುಗಾಳಿಯಲ್ಲಿ ಸೈಕಲ್ ಸವಾರಿ.

“ನಾನು ಟೇಪು ಹಿಡಿಯೋಳು ಅಷ್ಟೇ, ಹೊಲಿಯೋರು ಬೇರೆ” ಎಂದು ಮೊದಲೆಲ್ಲ ನಗುತ್ತಿದ್ದರು. ಈಗ ನಗುವುದಿಲ್ಲ. ಹೊಲಿಯುವವರೇ, ಅಂದರೆ ಮಾತು ತಿದ್ದಿ ಕಲಿಸುವವರೇ, ಸಿಗುತ್ತಿಲ್ಲ.

ಎರಡೂವರೆ ವರ್ಷದವಳಿದ್ದಾಗ ಫ್ರೌಕೆ ತನ್ನ ಹೆಸರನ್ನು ‘ಔತೆ’ ಎನ್ನುತ್ತಿದ್ದಳು. ಮೂರು ದಾಟಿದರೂ ಅದೇ. ಮಾತು ಕಲಿಸುವವರ ಬಳಿ ಅವಳ ಹೆಸರನ್ನು ಸರದಿಗೆ ಬರೆಸಿದವರು ಟ್ರೈನ್‌ಚೆಯವರೇ. ಸರದಿ ಇನ್ನೇನು ಬಂತು ಎನ್ನುವಾಗ ನಾಲ್ಕು ತುಂಬುತ್ತಿದೆ. ನಾಲ್ಕಾದರೆ ಶಾಲೆ, ಶಾಲೆಯ ಮಕ್ಕಳಿಗೆ ಬೇರೆಯೇ ಸರದಿ, ಅಲ್ಲಿ ಅವಳು ಎಲ್ಲರಿಗಿಂತ ಹಿಂದೆ.

ಮೀನು ಹರಾಜಿನ ಕೆಲಸಕ್ಕೆ ಹೊರಟ ಫ್ರೌಕೆಯ ತಾಯಿ ಲೀಸ್ಬೆತ್ ಬಾಗಿಲಲ್ಲೇ ನಿಂತು ಚುಚ್ಚುತ್ತಾಳೆ: “ಮತ್ತೆ ಅಳೀತೀರಾ? ದಿನಾ ತಕ್ಕಡೀಲಿ ಕೂರಿಸಿದ್ರೆ ಮಗು ಮೈ ತುಂಬ್ಕೊಳ್ಳುತ್ತೇನ್ರೀ?”

ಟ್ರೈನ್‌ಚೆಯವರು ಯಂತ್ರ ಚಾಲೂ ಮಾಡುತ್ತಾರೆ. ಬೆಕ್ಕಿನ ಚಿತ್ರ ಮುಂದಿಡುತ್ತಾರೆ. ಫ್ರೌಕೆ ಯಂತ್ರದ ಕೆಂಪು ದೀಪ ನೋಡಿ ತುಟಿ ಬಿಗಿಯುತ್ತಾಳೆ. ಚಮಚ ಇಟ್ಟರೆ ಬೆರಳಷ್ಟೇ ತೋರಿಸುತ್ತಾಳೆ. ಕೊನೆಯ ಚಿತ್ರದವರೆಗೂ ಒಂದು ಸದ್ದಿಲ್ಲ. ತನ್ನ ಮಾತು ಸರಿಯಿಲ್ಲವೆಂದು ಆ ಕೂಸಿಗೆ ತಿಳಿದುಹೋಗಿದೆ. ತಿಳಿಸಿಕೊಟ್ಟವರು ಯಾರು, ತನ್ನ ಒಂದೇ ದನಿಯ ‘ಹ್ಞೂಂ’ ಏನಾದರೂ ಇರಬಹುದೇ ಎಂಬ ಯೋಚನೆ ಟ್ರೈನ್‌ಚೆಯವರನ್ನು ಹಿಂಡುತ್ತದೆ.

ಕೋಣೆಯ ಹೊರಗಿನ ಹಜಾರದಲ್ಲಿ ಮಕ್ಕಳು ವೃತ್ತವಾಗಿ ಕುಳಿತು ಹುಟ್ಟುಹಬ್ಬದ ಹಾಡು ಹೇಳುತ್ತಿದ್ದಾರೆ. ಫ್ರೌಕೆ ಬಾಯಿ ತೆರೆಯದೆ ಒಬ್ಬೊಬ್ಬರ ಕೈಗೂ ಒಣದ್ರಾಕ್ಷಿ ಪೊಟ್ಟಣ ಇಡುತ್ತಾಳೆ. ನಾಳೆ ಶಾಲೆಯಲ್ಲಿ ಅವಳನ್ನು ಮೊದಲು ಕೇಳುವುದೇ ಹೆಸರು.

ನಿಮಗೇನು ಆಸೆ ಎಂದು ನಾವು ಕೇಳಿದರೆ ಟ್ರೈನ್‌ಚೆಯವರು ಯಂತ್ರದ ದೀಪ ಆರಿಸುತ್ತಾರೆ.

“ತಪ್ಪೋ ಸರೀನೋ, ಅವಳ ಬಾಯಿಂದ ಏನಾದ್ರೂ ಒಂದು ಬರ್ಲಿ. ನಾನು ಅಳೆಯಲ್ಲ.”