ಮಾವನ ಪಾತ್ರೆಯ ಖಾರ

ಬಸ್ ರಿಪೇರಿ ಶೆಡ್ಡಿನಲ್ಲಿ ಖಾರದ ಮಾವನನ್ನು ಅರಿಯದವರಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರಾದರೂ ಕೂಗಿದರೆ ಅವರೇ ಪಕ್ಕದವನ ಮುಖ ನೋಡುತ್ತಿದ್ದರು. ಎಲ್ಲರಿಗೂ ಮಾವನಾದದ್ದು ಹೇಗೋ, ಅದು ಯಾರಿಗೂ ನೆನಪಿಲ್ಲ. ಖಾರ ಸೇರಿದ್ದು ಮಾತ್ರ ಅವರ ನಾಲಿಗೆಯ ಪ್ರತಾಪದಿಂದ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಒಂದು ದೊಡ್ಡ ಪಾತ್ರೆಯ ಸಾರಾದರೆ, ಮಾವನಿಗೆಂದೇ ಒಲೆಯ ಮೂಲೆಯಲ್ಲಿ ಒಂದು ಪುಟ್ಟ ಪಾತ್ರೆ ಬೇರೆ ಕುದಿಯುತ್ತಿತ್ತು. ಅದರ ಕೆಂಪು ಬಣ್ಣ ನೋಡಿಯೇ ಕೆಲವರಿಗೆ ಬಿಕ್ಕಳಿಕೆ ಬರುತ್ತಿತ್ತು. ಅದಕ್ಕೆ ಸೌಟು ಹಾಕುವ ಧೈರ್ಯ ಇನ್ನೊಬ್ಬರು ಮಾಡಿರಲಿಲ್ಲ.

ಮಾವ ಊಟಕ್ಕೆ ಕೂರುವುದೂ ಒಂದು ನಾಟಕವೇ. ಮೊದಲು ಅಂಗಿಯ ಮೇಲಿನ ಗುಂಡಿ ಬಿಚ್ಚುವರು. ಹೆಗಲ ಮೇಲೆ ಟವೆಲು ಬರುವುದು. ಮೊದಲ ತುತ್ತಿಗೇ ಹಣೆಯಲ್ಲಿ ಬೆವರು ಮೂಡಿ, ಕಣ್ಣು ತಾನಾಗಿ ಮುಚ್ಚಿಕೊಳ್ಳುವುದು. ಸುತ್ತಲಿನವರು ತಮ್ಮ ತಟ್ಟೆ ಮರೆತು ನೋಡುತ್ತಿರುವಾಗ ಮಾವ ಉಸಿರು ಬಿಟ್ಟು, "ಪರವಾಗಿಲ್ಲ, ಇನ್ನೊಂದ್ಚೂರು ಬೀಳಬಹುದಿತ್ತು" ಎನ್ನುವರು. ದಿನವೂ ಅದೇ ತೀರ್ಪು.

ಹಾಗೆಂದು ಅವರನ್ನು ಬರೀ ಬಡಾಯಿಯವರು ಎನ್ನಬೇಡಿ. ಒಂದು ಕಾಲಕ್ಕೆ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ಈಗ ಕಿವಿ ಮಂದ, ಕೈ ನಡುಕ, ಬಿಗಿಯಾದ ಬೋಲ್ಟು ಬಿಚ್ಚಲು ಇನ್ನೊಬ್ಬರನ್ನು ಕರೆಯಬೇಕು. ನಾಲ್ಕು ಜನ ಸುತ್ತ ಸೇರಿ ಬಾಯಿ ಬಿಟ್ಟು ನೋಡುವುದೆಂದರೆ ಈ ಊಟದ ಹೊತ್ತಿಗೆ ಮಾತ್ರ. ಖಾರವೂ ಹೋದರೆ ಅವರು ಬರೀ ಮಾವ, ಬರೀ ಮಾವಂದಿರಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಅಳಿಯಂದಿರನ್ನೇ ಕೇಳಬೇಕು.

ಆದರೆ ಹೊಟ್ಟೆಗೆ ಇದೆಲ್ಲ ಅರ್ಥವಾಗಬೇಕಲ್ಲ. ಕೆಲವು ತಿಂಗಳಿಂದ ಮಾವನಿಗೆ ವಿಪರೀತ ಎದೆಯುರಿ. ಹೇಳಿಕೊಳ್ಳುವ ಹಾಗಿಲ್ಲ, ತಡೆದುಕೊಳ್ಳುವ ಹಾಗೂ ಇಲ್ಲ. ಹೀಗಿರುವಾಗ ಹೊಸದಾಗಿ ಬಂದ ವೆಲ್ಡರೊಬ್ಬ ಕ್ಯಾಂಟೀನಿನ ನಡುವೆ ನಿಂತು, "ನಮ್ಮ ಮನೇಲಿ ಮಕ್ಕಳು ಹಸಿಮೆಣಸಿನಕಾಯಿ ಕಚ್ಕೊಂಡು ಆಟ ಆಡ್ತವೆ. ನಾಳೆ ನಾನೂ ಮಾವನ ಪಾತ್ರೇಲೇ ಉಣ್ತೀನಿ, ಯಾರು ಮೊದಲು ನೀರು ಕುಡೀತಾರೋ ನೋಡೋಣ" ಎಂದುಬಿಟ್ಟ. ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಮೀಸೆ ತಿರುವಿ, "ಬಾರಪ್ಪ" ಎಂದರು. ಬೇರೆ ಏನು ಹೇಳಲು ಸಾಧ್ಯವಿತ್ತು?

ಸಂಜೆ ಎಲ್ಲರೂ ಹೋದ ಮೇಲೆ ಮಾವ ಅಡುಗೆಮನೆಗೆ ನುಗ್ಗಿದರು. ಅಡುಗೆಯಾಕೆ ಪಾತ್ರೆ ತಿಕ್ಕುತ್ತಿದ್ದಳು.

"ನೋಡು ತಾಯಿ, ನಿನ್ನ ಕಾಲು ಹಿಡ್ಕೋತೀನಿ, ಇದು ನಮ್ಮಿಬ್ಬರಲ್ಲೇ ಇರಲಿ. ಬಣ್ಣ ಹಾಗೇ ಇಟ್ಟು, ಖಾರ ಅರ್ಧಕ್ಕರ್ಧ ಕಮ್ಮಿ ಮಾಡು."

ಆಕೆ ತಿಕ್ಕುವುದನ್ನು ನಿಲ್ಲಿಸಿದಳು. "ಕಮ್ಮಿ ಮಾಡೋಕೆ ಅದರಲ್ಲಿ ಏನಿದೆ ಮಾವ?"

"ಅಂದರೆ?"

"ಎರಡು ವರ್ಷ ಆಯ್ತು. ನಿಮ್ಮನೆ ಅತ್ತೆ ಬಂದಿದ್ರು. ಅವರಿಗೆ ಹೇಳಿದ್ರೆ ಕೇಳಲ್ಲ, ನೀನೇ ಗೊತ್ತಾಗದ ಹಾಗೆ ಇಳಿಸ್ತಾ ಬಾ ಅಂದ್ರು. ನಾನೂ ಇಳಿಸ್ತಾ ಬಂದೆ. ಈಗ ಹಾಕೋದು ಬಣ್ಣಕ್ಕೆ ಹಾಕೋ ಮೆಣಸಿನಕಾಯಿ ಒಂದೇ. ನನ್ನ ಮೊಮ್ಮಗಳು ಅದನ್ನ ಹಾಗೇ ಕುಡೀತಾಳೆ."

ಮಾವ ಅಲ್ಲೇ ಇದ್ದ ಈರುಳ್ಳಿ ಚೀಲದ ಮೇಲೆ ಕುಸಿದು ಕೂತರು. "ಮತ್ತೆ ನಾನು ದಿನಾ ಬೆವರ್ತಿದ್ನಲ್ಲೇ?"

"ಅದು ನಿಮ್ಮ ಸಾಮರ್ಥ್ಯ."

"ಎದೆಯುರಿ?"

"ಖಾಲಿ ಹೊಟ್ಟೇಲಿ ಅಷ್ಟೊಂದು ಟೀ ಸುರ್ಕೊಂಡ್ರೆ ಉರೀದೆ ಇನ್ನೇನಾಗುತ್ತೆ?"

ಮಾವನಿಗೆ ಸಮಾಧಾನವಾಗಬೇಕಿತ್ತು, ಆದದ್ದು ಅವಮಾನ. ಇಷ್ಟು ದಿನ ಮಕ್ಕಳ ಸಾರು ಉಂಡು ಮೀಸೆ ತಿರುವಿದೆನಲ್ಲ ಎಂದು ಮೈಯೆಲ್ಲ ಮುದುಡಿತು. "ಹಾಗಾದ್ರೆ ನಾಳೆ ನಿಜವಾದ ಖಾರ ಹಾಕು" ಎಂದರು ರೋಷದಿಂದ.

"ಹಾಕ್ತೀನಿ. ನೀವೂ ಅದನ್ನೇ ಉಣ್ಣಬೇಕಾಗುತ್ತೆ, ನೆನಪಿರಲಿ."

ಅತ್ತ ದರಿ, ಇತ್ತ ಪುಲಿ. ಖಾರ ಹಾಕಿಸಿದರೆ ಎರಡನೇ ತುತ್ತಿಗೇ ಮಾವ ನಲ್ಲಿಯ ಕಡೆ ಓಡುವುದು ಖಂಡಿತ. ಹಾಕಿಸದಿದ್ದರೆ ವೆಲ್ಡರ್ ಒಂದೇ ಚಮಚದಲ್ಲಿ ಗುಟ್ಟು ಬಯಲು ಮಾಡುತ್ತಾನೆ. ಮಾವ ಚೀಲದಿಂದ ಎದ್ದು ಮನೆಗೆ ಬಂದರು.

ಹೆಂಡತಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು.

"ಕ್ಯಾಂಟೀನಿಗೆ ಹೋಗಿ ಖಾರ ಕಮ್ಮಿ ಮಾಡ್ಸಿದ್ದು ನೀನೇನೇ?"

"ಹೌದು. ಮನೇದೂ ಅಷ್ಟೇ" ಎಂದರು ಅವರು, ಅಂಗಿಯ ತೋಳು ನೇರ ಮಾಡುತ್ತ. "ಆಗ ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ಎದ್ದು ಕೂರ್ತಿದ್ದವರು ನೀವು. ಪಕ್ಕದಲ್ಲಿ ನಿದ್ದೆ ಬಂದವಳ ಹಾಗೆ ಮಲಗಿರ್ತಿದ್ದವಳು ನಾನು. ಹೆಸರು ನಿಮ್ಮದು ಹಾಗೇ ಇದೆಯಲ್ಲ, ಏನು ಕಳ್ಕೊಂಡ್ರಿ?"

ಮಾವ ಜಗಳಕ್ಕೆಂದೇ ಬಾಯಿ ತೆರೆದಿದ್ದರು. ಆದರೆ ಆಕೆಯ ಪಕ್ಕ ಕೂತು, ಅಭ್ಯಾಸವಿಲ್ಲದ ಕೈಯಲ್ಲಿ ಒಂದು ಲುಂಗಿ ಮಡಚಿದರು. ಅದನ್ನು ಆಕೆ ಬಿಚ್ಚಿ ಮತ್ತೆ ಮಡಚಿದರು.

ಮರುದಿನ ಬೆಳಿಗ್ಗೆ ಅಡುಗೆಯಾಕೆಗೆ, "ಇದ್ದ ಹಾಗೇ ಇರಲಿ ಬಿಡು, ಆಗೋದು ಆಗ್ಲಿ" ಎಂದು ಹೇಳಿ ಬಂದರು. ಊಟದ ಹೊತ್ತಿಗೆ ಇಡೀ ಶೆಡ್ಡು ಬೆಂಚುಗಳ ಮೇಲೆ ಹತ್ತಿ ನಿಂತಿತ್ತು. ಎರಡು ತಟ್ಟೆಗೂ ಕೆಂಪು ಸಾರು ಬಿತ್ತು. ಮಾವ ಈ ಸಲ ಗುಂಡಿ ಬಿಚ್ಚಲಿಲ್ಲ, ಟವೆಲನ್ನೂ ಮರೆತಿದ್ದರು. ಅವರ ಕಣ್ಣೆಲ್ಲ ವೆಲ್ಡರನ ಬಾಯಿಯ ಮೇಲೆ.

ವೆಲ್ಡರ್ ದೊಡ್ಡ ತುತ್ತು ಕಲಸಿ ಬಾಯಿಗಿಟ್ಟ. ಅಗಿದ. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಅಗಿದ. ಮುಗಿಯಿತು ಕಥೆ ಎಂದುಕೊಂಡರು ಮಾವ. ವೆಲ್ಡರ್ ಸುತ್ತ ನಿಂತವರನ್ನು ನೋಡಿದ, ಮಾವನ ಮುಖ ನೋಡಿದ, ತಟ್ಟೆಯ ಕೆಂಪು ನೋಡಿದ. ಇಷ್ಟು ಜನ ಹೆದರುವ ಸಾರು ತನಗೊಬ್ಬನಿಗೆ ಸಪ್ಪೆ ಎನಿಸಿದರೆ ತಪ್ಪು ಸಾರಿನದೋ ತನ್ನ ನಾಲಿಗೆಯದೋ, ಪಾಪ, ಅವನಿಗೂ ಗೊತ್ತಾಗಲಿಲ್ಲ. ನಿಧಾನವಾಗಿ ಕಣ್ಣು ಮುಚ್ಚಿದ. ಆಮೇಲೆ ಬಾಯಿ ತೆರೆದು, ಕೈಯಿಂದ ಗಾಳಿ ಬೀಸಿಕೊಳ್ಳುತ್ತ, "ಅಯ್ಯಪ್ಪಾ" ಎಂದ. ನೋಡನೋಡುತ್ತಲೇ ಅವನ ಹಣೆಯ ಮೇಲೆ ಬೆವರು ಮೂಡಿತು.

ಶೆಡ್ಡು ಹೋ ಎಂದು ಕೂಗಿತು. ಮಾವನಿಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಆ ಹುಡುಗನ ಮೇಲೆ ಮರುಕವೂ ಬಂತು. ಬೆವರಿನ ಕಷ್ಟ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನೀರಿನ ಲೋಟ ಅವನ ಕಡೆ ಸರಿಸಿ, "ಕುಡಿಯಪ್ಪ, ಮೊದಮೊದಲು ಹಾಗೇ ಆಗುತ್ತೆ" ಎಂದರು.

ವೆಲ್ಡರ್ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ನಿಜವಾದ ಗೌರವದಿಂದ ಕೇಳಿದ: "ಇದನ್ನ ದಿನಾ ಹೆಂಗೆ ತಡ್ಕೋತೀರಿ ಮಾವ?"

"ನಮ್ಮನೆಯವಳ ಪುಣ್ಯ ಕಣಪ್ಪ" ಎಂದರು ಮಾವ.

ಎಲ್ಲರೂ ನಕ್ಕರು. ಖಾರದ ವಿಷಯದಲ್ಲಿ ಮಾವ ಆ ಕ್ಯಾಂಟೀನಿನಲ್ಲಿ ಎರಡು ವರ್ಷದಲ್ಲಿ ಆಡಿದ ಮೊದಲ ನಿಜ ಅದು.