ರಾಜಪಾರ್ಟಿನ ಅಲಮೇಲಮ್ಮ ಓಟು ಕೇಳಲು ಬಂದದ್ದು

ನಿಮ್ಮಮ್ಮ ಈ ಬೆಳಿಗ್ಗೆ ಸೀರೆಗೆ ಗಂಜಿ ಹಾಕುತ್ತಿದ್ದಳಲ್ಲ, ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಸೇಲಂನಲ್ಲಿದ್ದ ನನ್ನ ಅಜ್ಜಿಯ ಮನೆಗೆ ಹೋಗಿಬಿಟ್ಟೆ. ನಗಬೇಡಿ ಮಕ್ಕಳೇ, ಹಳ್ಳಿ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದ ನಿಮ್ಮಜ್ಜಿಯ ಬರವಣಿಗೆ ಹೀಗೇ ಹೊರಡುವುದು.

ಅದು ನೇಕಾರರ ಬೀದಿ. ಮಗ್ಗಕ್ಕೆ ಏರಿಸುವ ಉದ್ದದ ನೂಲನ್ನು, ಅಂದರೆ ಪಾವನ್ನು, ಬೆಳಗಾಗುತ್ತಲೇ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಒಬ್ಬರು ನೂಲಿನ ನಡುವಿನ ಕೋಲು ಹಿಡಿದು ಸರಿಸುತ್ತಿರಲು, ಇನ್ನೊಬ್ಬರು ಗಂಜಿ ಒಣಗುವ ಮೊದಲೇ ಬಾಚಿ ಮುಗಿಸಬೇಕು. ಕಲೆಕ್ಟರೇ ಬಂದರೂ ಕೈ ನಿಲ್ಲಿಸುವಂತಿಲ್ಲ.

ಅಂಥ ಹೊತ್ತಿನಲ್ಲಿ ಅಲಮೇಲಮ್ಮ ಬಂದರು. ಮನೆಮಾತು ನಮ್ಮ ಕನ್ನಡವೇ, ಆಡುತ್ತಿದ್ದದ್ದು ತಮಿಳು ನಾಟಕ. ಮೀಸೆ ಅಂಟಿಸಿಕೊಂಡು ರಾಜಪಾರ್ಟು, ಅಂದರೆ ರಾಜನ ವೇಷ, ಕಟ್ಟಿದರೆ ಮೇಚೇರಿ, ಕಾರಿಮಂಗಲಂ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಅವರ ಗಂಡ ಮುನಿಸಿಪಾಲಿಟಿ ಎಲೆಕ್ಷನ್ನಿಗೆ ನಿಂತಿದ್ದರು. ಗೆದ್ದರೆ ಹೆಂಡತಿಯನ್ನು ನಾಟಕ ಬಿಡಿಸುತ್ತೇನೆಂದು ಊರಿನ ದೊಡ್ಡವರಿಗೆ ಮಾತು ಕೊಟ್ಟಿದ್ದರಂತೆ. ನಾನು ಕಂಬದ ಮರೆಯಲ್ಲಿ ನಿಂತು, ಅಲಮೇಲಮ್ಮನ ತುಟಿಯ ಮೇಲೆ ಮೀಸೆಯ ಅಂಟೇನಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದೆ.

ಆಗ ಮನೆತೆರಿಗೆ ಕಟ್ಟುವವರಿಗಷ್ಟೇ ಓಟು; ಮನೆ ಅಜ್ಜಿಯ ಹೆಸರಿನಲ್ಲಿದ್ದುದರಿಂದ ಓಟೂ ಅವಳದೇ. ಅಲಮೇಲಮ್ಮ ಕೈ ಮುಗಿಯುವಷ್ಟರಲ್ಲಿ ಅಜ್ಜಿ, "ಕೈ ಆಮೇಲೆ ಮುಗಿವಂತೆ, ಈ ಕೋಲು ಇಡ್ಕೋ ಬಾರವ್ವ. ಗಂಜಿ ಒಣಗೋಗ್ತೈತೆ" ಎಂದಳು.

ಜೊತೆಗೆ ಬಂದ ಗಂಡಸರು ಬೆಪ್ಪಾದರು. ಅಲಮೇಲಮ್ಮ ಸೆರಗು ಸಿಕ್ಕಿಸಿ ಕೋಲು ಹಿಡಿದರು.

"ಗಂಡ ಗೆದ್ರೆ ನೀ ರಾಜನ್ ಯಾಸ ಆಕಲ್ವಂತೆ?" ಅಜ್ಜಿ ಬಾಚುತ್ತಲೇ ಕೇಳಿದಳು.

"ಅವ್ರು ಮಾತು ಕೊಟ್ಟವ್ರೆ ಅಜ್ಜಿ."

"ಅವ್ನು ಕೊಟ್ಟ. ನೀ ಕೊಟ್ಟೇನವ್ವ?"

ಅಲಮೇಲಮ್ಮ ಕೋಲನ್ನು ಮುಂದಕ್ಕೆ ಸರಿಸಿದರು. "ಅಮ್ಮಾ, ನೇರಮಾಚ್ಚು", ಹೊತ್ತಾಯಿತು ಎಂದು ಒಬ್ಬ ತಮಿಳಿನಲ್ಲಿ ಅವಸರಿಸಿದ. ಅವರು ಪಾವಿನ ಕೊನೆ ಬರುವವರೆಗೂ ಕೋಲು ಬಿಡದೆ, ಆಮೇಲೆ ಅಜ್ಜಿಗೆ ಮಾತ್ರ ಕೇಳುವಂತೆ, "ನಿಮ್ಗೆ ತೋಚ್ದಂಗೆ ಓಟು ಆಕಿ" ಎಂದು ಹೊರಟರು. ನಾನು ಹತ್ತಿರವಿದ್ದೆ, ಕೇಳಿಸಿತು.

ಗಂಡ ಗೆದ್ದರು. ಹಾರ ಹಾಕಿಸಿಕೊಂಡು ಮೆರವಣಿಗೆ ಹೋದರು. ಅಲಮೇಲಮ್ಮ ಮತ್ತೆ ಮೀಸೆ ಅಂಟಿಸಲಿಲ್ಲ.

ಗಂಡ ಗೆದ್ದ ವಾರವೇ ಅವರು ಒಬ್ಬರೇ ಬಂದು, ಯಾರೂ ಹೇಳದೆಯೇ ಕೋಲು ಹಿಡಿದು ನಿಂತರು.

"ಯಾರ್ಗಾಕಿದ್ರಿ ಅಜ್ಜಿ?"

"ನಿನ್ ಗಂಡನ್ ಎದ್ರು ನಿಂತೋನ್ಗೆ. ಆ ಮೂತಿಗೆ ಇನ್ಯಾರು ಆಕ್ತಾರೆ ಏಳು! ನೀ ಇನ್ನೊಂದ್ಸಲ ರಾಜ ಆಗ್ಲಿ ಅಂತ ಆಕ್ದೆ. ನಂದೊಂದೇ ಸಾಲ್ಲಿಲ್ಲ ಕಣವ್ವ."

ಅಲಮೇಲಮ್ಮ ತಲೆ ಹಿಂದಕ್ಕೆ ಚೆಲ್ಲಿ ಗಟ್ಟಿಯಾಗಿ ನಕ್ಕರು. ಅದು ರಾಜನ ನಗು. ಬೀದಿಯ ಮಗ್ಗಗಳೆಲ್ಲ ಒಂದು ಗಳಿಗೆ ನಿಂತವು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಗುವಿಗೋ ಅಳುವಿಗೋ, ನನಗೆ ಇಂದಿಗೂ ಗೊತ್ತಿಲ್ಲ.

ಮಕ್ಕಳೇ, ನಾನು ಎಷ್ಟೋ ಸಲ ಓಟು ಹಾಕಿದ್ದೇನೆ. ನಿಮ್ಮ ತಾತ ಹೊಸಿಲಲ್ಲಿ ನಿಂತು ಹೇಳಿದವರಿಗೆ, ಅವರು ಹೋದಮೇಲೆ ನಿಮ್ಮಪ್ಪ ಹೇಳಿದವರಿಗೆ. ಮುಂದಿನ ತಿಂಗಳು ಮತ್ತೆ ಓಟಿದೆ. ನಿಮ್ಮಪ್ಪ ಹೇಳುತ್ತಾನೆ, ನಾನು ಎಂದಿನಂತೆ ತಲೆಯಾಡಿಸುತ್ತೇನೆ. ಪರದೆಯ ಹಿಂದೆ ಹೋದಮೇಲೆ ಏನು ಮಾಡಿದೆನೆಂದು ಮಾತ್ರ ಯಾರೂ ಕೇಳಬೇಡಿ.